ಊರಿನ ಹಾವು-ಕಪ್ಪೆ ಕ್ಲಬ್‌ಗೆ ಸೇರಬೇಕಾ? ಸಾಕಿದ ಪ್ರಾಣಿ ಒಂದೂ ಇಲ್ಲದವರಿಗೆ ಅಲ್ಲಿ ಏನು ಕೆಲಸ?

ಗೊದಮೊಟ್ಟೆ
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಸುಮ್ಮನೆ ಓದ್ತಿದ್ದೆ, ಬರೀತಿರೋದು ಇದೇ ಮೊದಲು.

ನನಗೆ ಕಪ್ಪೆ ಹುಚ್ಚು. ಸಾಕೋ ಹುಚ್ಚಲ್ಲ, ಕೇಳೋ ಹುಚ್ಚು. ಮಳೆ ಬಿದ್ದ ರಾತ್ರಿ ಫೋನ್ ಹಿಡ್ಕೊಂಡು ನೀರು ನಿಂತ ಕಡೆ ಹೋಗಿ ಕೂಗು ರೆಕಾರ್ಡ್ ಮಾಡ್ತೀನಿ. ಯಾವುದು ಯಾವ ಕಪ್ಪೆ ಅಂತ ಅರ್ಧಕ್ಕರ್ಧ ಗೊತ್ತಾಗಲ್ಲ. ಹತ್ತಿರದಲ್ಲೇ ಸರೀಸೃಪ, ಉಭಯಚರ ಆಸಕ್ತರ ಕ್ಲಬ್ ಇದೆ ಅಂತ ತಿಳಿದು ಅವರ ತಿಂಗಳ ಸಭೆಗೆ ಅತಿಥಿಯಾಗಿ ಹೋಗಿದ್ದೆ.

ಮೊದಲರ್ಧ ಲೆಪರ್ಡ್ ಗೆಕ್ಕೊ ಅನ್ನೋ ಸಾಕು ಹಲ್ಲಿಯ ಮೊಟ್ಟೆಗೆ ಕಾವು ಕೊಡೋದರ ಬಗ್ಗೆ ಮಾತು. ಕಾವಿನ ಶಾಖದ ಮೇಲೆ ಮರಿ ಗಂಡೋ ಹೆಣ್ಣೋ ನಿರ್ಧಾರ ಆಗುತ್ತಂತೆ, ಬಾಯಿ ಬಿಟ್ಕೊಂಡು ಕೇಳಿದೆ. ಎರಡನೇ ಅರ್ಧದಲ್ಲಿ ಅವರವರ ಪ್ರಾಣಿಗಳು ಮೇಜಿನ ಮೇಲೆ ಬಂದವು. ಒಂದು ಬಾಲ್ ಪೈಥಾನ್ (ಸಾಕೋ ಹೆಬ್ಬಾವು) ಕೈಯಿಂದ ಕೈಗೆ ದಾಟ್ತಾ ಇಡೀ ಕೋಣೆ ಸುತ್ತಿತು. ಪಕ್ಕದವರು "ನಿಮ್ಮ ಹತ್ರ ಏನಿದೆ?" ಅಂದ್ರು. "ಏನೂ ಸಾಕಿಲ್ಲ, ಕಪ್ಪೆ ಕೂಗಿನ ರೆಕಾರ್ಡಿಂಗ್ ಇದೆ" ಅಂದೆ. "ಓ" ಅಂದು ಆ ಕಡೆ ತಿರುಗಿ ಕೂತ್ರು.

ಅರ್ಜಿ ಕೊಟ್ಟಿದ್ದಾರೆ, ಇನ್ನೂ ತುಂಬಿಲ್ಲ. ಸಾಕದೇ ಇರೋರಿಗೆ ಇಂಥ ಕಡೆ ಜಾಗ ಇರುತ್ತಾ? ಸೇರೋ ಮುಂಚೆ ಏನೇನು ವಿಚಾರಿಸಬೇಕು? ಅನುಭವ ಇರೋರು ಹೇಳಿ.

ಸುಮ್ನೆನೋಡೋನು
ಸೇರಿ. ಮುಂದಿನ ಪ್ರಶ್ನೆ?

ಕೆಸರುಗಾಲು
ಇಂಥ ಕ್ಲಬ್‌ಗಳಲ್ಲಿ ಎರಡು ಜಾತಿ ಜನ ಇರ್ತಾರೆ. ಒಬ್ಬರು ಗಾಜಿನ ಪೆಟ್ಟಿಗೆಯವರು, ಇನ್ನೊಬ್ಬರು ಗಂಬೂಟಿನವರು. ನೀವು ಗಂಬೂಟಿನ ಪೈಕಿ, ಹೋಗಿದ್ದು ಪೆಟ್ಟಿಗೆಯವರ ಸಭೆಗೆ. ಅದಕ್ಕೇ ಆ "ಓ".

ಮೊದಲು ಕೇಳಬೇಕಾದ್ದು: ರಾತ್ರಿ ನಡಿಗೆ ಮಾಡ್ತೀರಾ? ಮಾಡಿದ್ರೆ ಕಂಡಿದ್ದನ್ನ ಬರೆದಿಡ್ತೀರಾ, ಬರೀ ಫೋಟೊ ತೆಗೆದು ಬರ್ತೀರಾ? ನಾನಿರೋ ಗುಂಪಲ್ಲಿ ನಡಿಗೆಗೆ ಒಬ್ಬರು ಲೆಕ್ಕ ಬರೆಯೋರು ಇರಲೇಬೇಕು. ತಾರೀಖು, ಹೊರಟ ಹೊತ್ತು, ಗಾಳಿಯ ಶಾಖ, ಮಳೆ ನಿಂತು ಎಷ್ಟು ಹೊತ್ತಾಯ್ತು, ಎಷ್ಟು ಕೂಗು ಕೇಳಿಸ್ತು, ಕಣ್ಣಿಗೆ ಕಂಡದ್ದೆಷ್ಟು. ಕಪ್ಪೆ ಇಲ್ಲದ ರಾತ್ರಿಯನ್ನೂ ಬರೀತೀವಿ. ವರ್ಷಗಟ್ಟಲೆ ಆ ಪುಸ್ತಕ ಬೆಳೆದರೆ "ಈ ಹೊಂಡದಲ್ಲಿ ಮೊದಲು ಕೂಗ್ತಿದ್ದದ್ದು ಈಗ ಕೂಗ್ತಿಲ್ಲ" ಅಂತ ಧೈರ್ಯವಾಗಿ ಹೇಳಬಹುದು. ಇಲ್ಲದಿದ್ರೆ ಬರೀ ನೆನಪಿನ ಮಾತು, ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ.

ಎರಡನೇದು, ಬೂಟು ತೊಳೀತಾರಾ ನೋಡಿ. ತೊಳೆಯದ ಗುಂಪಿನ ಜೊತೆ ಹೋಗಲೇಬೇಡಿ.

ಉಡದಪಟ್ಟು
@ಕೆಸರುಗಾಲು ಶುರು ಮಾಡಿದ್ರಾ ಮತ್ತೆ, ಸಾಕೋರು ಕೆಟ್ಟವರು, ಕಾಡು ಸುತ್ತೋರು ದೇವರು?

ಪೆಟ್ಟಿಗೆಯವರು ಕಲಿತದ್ದು ಎಷ್ಟು ಕಡೆ ಕೆಲಸಕ್ಕೆ ಬಂದಿದೆ ಗೊತ್ತಾ? ತಾಂಜಾನಿಯಾದ ಕಿಹಾನ್ಸಿ ಕಣಿವೆಯಲ್ಲಿ ಒಂದು ಪುಟ್ಟ ನೆಲಗಪ್ಪೆ ಇತ್ತು. ಜಲಪಾತದ ತುಂತುರಲ್ಲೇ ಬದುಕೋದು, ಮೊಟ್ಟೆ ಇಡಲ್ಲ, ಮರಿ ಹಾಕುತ್ತೆ. ಮೇಲೆ ಅಣೆಕಟ್ಟು ಕಟ್ಟಿ ನೀರು ತಿರುಗಿಸಿದ್ರು, ತುಂತುರು ನಿಂತೋಯ್ತು. 2009ರಲ್ಲಿ ಕಾಡಿನಲ್ಲಿ ನಿರ್ನಾಮ ಅಂತ ಘೋಷಣೆ ಆಯ್ತು. ಉಳಿದದ್ದು ಅಮೆರಿಕದ ಬ್ರಾಂಕ್ಸ್, ಟೊಲೀಡೊ ಮೃಗಾಲಯಗಳ ಪೆಟ್ಟಿಗೆಯಲ್ಲಿ. ಅಲ್ಲೇ ಮರಿ ಮಾಡಿಸಿ ವಾಪಸ್ ತಗೊಂಡ್ಹೋಗಿ ಬಿಟ್ಟರು. ತೇವ, ಬೆಳಕು, ಕೊಡೋ ಹುಳದ ಸೈಜು, ಇದನ್ನೆಲ್ಲ ಲೆಕ್ಕ ಹಾಕಿದ್ದು ಗಂಬೂಟು ಹಾಕ್ಕೊಂಡಲ್ಲ.

ಕೆಸರುಗಾಲು
ಅದು ಮೃಗಾಲಯ ಸ್ವಾಮಿ. ನಿಮ್ಮ ಹಜಾರದಲ್ಲಿರೋ ಬಣ್ಣಬಣ್ಣದ ಪೈಥಾನ್ ಯಾವ ಕಣಿವೆಗೆ ವಾಪಸ್ ಹೋಗುತ್ತೆ?

ಉಡದಪಟ್ಟು
ಎಲ್ಲಿಗೂ ಹೋಗಲ್ಲ. ನನ್ನ ಹತ್ರಾನೇ ಇರುತ್ತೆ. ಬಾಲ್ ಪೈಥಾನ್ 30 ವರ್ಷ ಆರಾಮಾಗಿ ಬದುಕುತ್ತೆ, ನೋಡ್ಕೊಳ್ಳೋಕೆ ನಾನಿದ್ದೀನಿ. ನಿಮಗೇನು ಕಷ್ಟ?

ಹಾವುರಾಣಿ_22
ಕಪ್ಪೆಗಳನ್ನ ತಕ್ಕಡಿಗೆ ಹಾಕೋದು ಅಂದ್ರೆ ಇದೇ. ಗೊದಮೊಟ್ಟೆ ಅವರೇ, ಕ್ಲಬ್ಬಿನ ಸಭೆ ಹೇಗಿರುತ್ತೆ ಅಂತ ಇಲ್ಲೇ ನೋಡ್ಕೊಳ್ಳಿ.

ನಾನು ಸೇರಿದಾಗ ನನ್ನ ಹತ್ರಾನೂ ಪ್ರಾಣಿ ಇರಲಿಲ್ಲ. ಮೊದಮೊದಲು ಯಾರೂ ಮಾತಾಡಿಸಲ್ಲ, ನಿಜ. ಅದು ಜಂಬ ಅಲ್ಲ ಅಂತ ಆಮೇಲೆ ಗೊತ್ತಾಯ್ತು. ಹಲ್ಲಿ, ಹಾವು ಸಾಕೋ ಜನ ಮನುಷ್ಯರ ಜೊತೆ ಮಾತು ಶುರು ಮಾಡೋದರಲ್ಲಿ ಸ್ವಲ್ಪ ಹಿಂದೆ. "ಇದಕ್ಕೆ ಯಾಕೆ ಹೀಗೆ ಲೈಟ್ ಹಾಕಿದ್ದೀರಿ?" ಅಂತ ಒಂದು ಮಾತು ಕೇಳಿ ನೋಡಿ, ಬಾಗಿಲು ಹಾಕೋ ಹೊತ್ತಾದ್ರೂ ಬಿಡಲ್ಲ.

ಪಶುವೈದ್ಯೆ_ಇಲ್ಲಿ
ಆ ಪೈಥಾನ್ ಕೋಣೆ ಸುತ್ತಿದ ವಿಷಯಕ್ಕೆ ಬರ್ತೀನಿ. ನಾನು ಇಂಥ ಪ್ರಾಣಿಗಳಿಗೆ ಚಿಕಿತ್ಸೆ ಕೊಡೋಳು, ಒಂದು ಕ್ಲಬ್ಬಿಗೆ ಹೋಗ್ತಾನೂ ಇರ್ತೀನಿ. ಕ್ಲಬ್ ಒಳ್ಳೇದೋ ಅಲ್ವೋ ಅಂತ ನಾನು ಭಾಷಣ ಕೇಳಿ ತೀರ್ಮಾನ ಮಾಡಲ್ಲ, ಮೇಜು ನೋಡ್ತೀನಿ.

ಮೊದಲು ಕಣ್ಣು ನೋಡಿ. ಹಾವಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲೆ ಪಾರದರ್ಶಕ ಪೊರೆ ಇರುತ್ತೆ. ಪೊರೆ ಬಿಡೋ ಮುಂಚೆ ಅದು ಹಾಲು ಬೆರೆಸಿದ ನೀಲಿ ಬಣ್ಣಕ್ಕೆ ತಿರುಗುತ್ತೆ, ಆಗ ಅದಕ್ಕೆ ಸರಿಯಾಗಿ ಕಾಣಲ್ಲ, ಸಿಡಿಮಿಡಿ ಅಂತಿರುತ್ತೆ. ಅಂಥ ಹಾವನ್ನೂ ಸಭೆಗೆ ತಂದು ಕೈಯಿಂದ ಕೈಗೆ ದಾಟಿಸ್ತಿದ್ದಾರೆ ಅಂದ್ರೆ, ಪ್ರಾಣಿಯ ಕಡೆ ಗಮನ ಇಲ್ಲ ಅಂತ.

ಆಮೇಲೆ ಗದ್ದದ ಕೆಳಗೆ, ಕಣ್ಣಿನ ಅಂಚಲ್ಲಿ ನೋಡಿ. ಸೂಜಿಮೊನೆಯಷ್ಟು ಕಪ್ಪು ಚುಕ್ಕಿ ಇದ್ದು, ಅದು ನಡೆದಾಡ್ತಿದ್ರೆ ಹಾವಿನ ಮೈಟ್, ಅಂದ್ರೆ ಹಾವಿನ ಮೈಗೆ ಹತ್ತೋ ಹೇನಿನಂಥ ಹುಳ. ಅದು ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ, ಅಲ್ಲಿಂದ ಅವರ ಮನೆಯ ಹಾವಿಗೆ. ಒಳ್ಳೇ ಕ್ಲಬ್ಬಲ್ಲಿ ಹೊಸದಾಗಿ ತಂದ ಪ್ರಾಣಿಯನ್ನು ತಿಂಗಳುಗಟ್ಟಲೆ ಬೇರೆ ಇಟ್ಟು, ಮಲ ಪರೀಕ್ಷೆ ಮಾಡಿಸಿ, ಆಮೇಲಷ್ಟೇ ಸಭೆಗೆ ತರ್ತಾರೆ. ಒಂದು ಪ್ರಾಣಿ ಮುಟ್ಟಿ ಇನ್ನೊಂದು ಮುಟ್ಟೋ ಮಧ್ಯೆ ಕೈ ತೊಳೀತಾರೆ.

ಕೈ ತೊಳೆಯೋದು ನಮಗೂ ಬೇಕು. ಸರೀಸೃಪಗಳ ಕರುಳಲ್ಲಿ ಸಾಲ್ಮೊನೆಲ್ಲ ಅನ್ನೋ ಬ್ಯಾಕ್ಟೀರಿಯಾ ಇರೋದು ಮಾಮೂಲು, ಅವಕ್ಕೆ ಏನೂ ಆಗಲ್ಲ, ಮಕ್ಕಳಿಗೆ ಆಗುತ್ತೆ. ಅಮೆರಿಕದಲ್ಲಿ 1975ರಿಂದ ಚಿಪ್ಪು 4 ಇಂಚಿಗಿಂತ ಚಿಕ್ಕ ಆಮೆ ಮಾರಬಾರದು ಅಂತ ನಿಯಮ ಬಂದದ್ದೇ ಅದಕ್ಕೆ. ಚಿಕ್ಕ ಮಕ್ಕಳು ಚಿಕ್ಕ ಆಮೆಯನ್ನ ಬಾಯಿಗೇ ಹಾಕ್ಕೋತಾರೆ.

ಗೊದಮೊಟ್ಟೆ
@ಪಶುವೈದ್ಯೆ_ಇಲ್ಲಿ ಮೇಡಂ, ಸ್ಯಾನಿಟೈಸರ್ ಬಾಟಲಿ ಮೇಜಿನ ಮೇಲಿತ್ತು. ಹಾವು ತಂದಾತ ಮುಟ್ಟೋ ಮುಂಚೆ ಎಲ್ಲರಿಗೂ ಹಚ್ಕೊಳ್ಳಿ ಅಂತಿದ್ದ. ಆದ್ರೆ ಅರ್ಧ ಜನ ಹಚ್ಕೊಳ್ಳಲಿಲ್ಲ, ಅವನೂ ಸುಮ್ಮನಾದ. ಕಣ್ಣು ಕಪ್ಪಗೇ ಇತ್ತು ಅನ್ಸುತ್ತೆ.

ಪಶುವೈದ್ಯೆ_ಇಲ್ಲಿ
ಹೇಳೋನಾದ್ರೂ ಒಬ್ಬ ಇದ್ದಾನಲ್ಲ, ಪರವಾಗಿಲ್ಲ. ಅಷ್ಟೂ ಇಲ್ಲದ ಕಡೆ ನೋಡಿದ್ದೀನಿ. ಒಂದು ಮಾತು: ಕಪ್ಪೆ ಇದ್ರೆ ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಮುಟ್ಟಬೇಡಿ. ಅದರ ಚರ್ಮ ಎಲ್ಲಾ ಹೀರ್ಕೊಳ್ಳುತ್ತೆ. ಸೊಳ್ಳೆ ಮುಲಾಮು ಹಚ್ಚಿದ ಕೈಯೂ ಬೇಡ. ಬರೀ ನೀರಲ್ಲಿ ತೊಳೆದು ಒದ್ದೆ ಇರೋ ಕೈ, ಅದೂ ಮುಟ್ಟಲೇಬೇಕಾಗಿ ಬಂದ್ರೆ ಮಾತ್ರ.

ಹಲ್ಲಿಪುರಾಣ
ಪೆಟ್ಟಿಗೆಯವರ ಪರವಾಗಿ ಇನ್ನೊಂದು. ಕ್ಲಬ್ ಸೇರಿದ್ದಕ್ಕೆ ನನಗಾದ ದೊಡ್ಡ ಲಾಭ ಯುವಿ ಮೀಟರ್, ಅಂದ್ರೆ ದೀಪದ ಅತಿನೇರಳೆ ಕಿರಣ ಅಳೆಯೋದು. ಒಬ್ಬೊಬ್ಬರೇ ಕೊಳ್ಳೋಕೆ ದುಬಾರಿ, ಕ್ಲಬ್ಬಿನದ್ದು ಒಂದಿದೆ, ಸರದಿ ಮೇಲೆ ಮನೆಗೆ ಒಯ್ದು ಅಳ್ಕೊಂಡು ವಾಪಸ್ ಕೊಡ್ತೀವಿ. ಹಗಲು ಹಲ್ಲಿಗಳಿಗೆ ಯುವಿಬಿ (ಅತಿನೇರಳೆ ಕಿರಣದಲ್ಲಿ ಒಂದು ಬಗೆ) ಇಲ್ಲದಿದ್ರೆ ಕ್ಯಾಲ್ಸಿಯಂ ಹತ್ತಲ್ಲ, ದವಡೆ ಮೆತ್ತಗಾಗುತ್ತೆ, ಕಾಲು ಸೊಟ್ಟ ಆಗುತ್ತೆ. ಟ್ಯೂಬು ಕಣ್ಣಿಗೆ ಚೆನ್ನಾಗೇ ಉರೀತಿರುತ್ತೆ, ಆದ್ರೆ ಯುವಿಬಿ ಯಾವತ್ತೋ ಇಳಿದಿರುತ್ತೆ. ಮೀಟರ್ ಇಲ್ಲದೆ ಗೊತ್ತೇ ಆಗಲ್ಲ. ಕಿಟಕಿ ಪಕ್ಕ ಇಟ್ಟಿದ್ದೀನಲ್ಲ ಅನ್ನೋರಿಗೆ: ಗಾಜು ಯುವಿಬಿ ತಡೆಯುತ್ತೆ.

ಜೊತೆಗೆ ಹಲ್ಲಿಗೆ ತಿನ್ನಿಸೋಕೆ ಜಿರಲೆ, ಮಿಡತೆ ಸಾಕಿ ಹಂಚೋರು ಇರ್ತಾರೆ. ಊರಿಗೆ ಹೋಗಬೇಕಾದ್ರೆ ಹಲ್ಲಿ ನೋಡ್ಕೊಳ್ಳೋರು ಇರ್ತಾರೆ. ನೆಂಟರ ಹತ್ರ ಬಿಟ್ಟು ಹೋಗೋಕಾಗುತ್ತಾ ಹೇಳಿ.

ಬೆಳಗಾವ್ಯಾಂವ
ನಮ್ಮ ಮನ್ಯಾಗ ಜಿರಲೆ ಸಾಕ್ತೇನಿ ಅಂದ್ರ ನನ್ನ ಮೊದಲ ಹೊರಗ ಹಾಕ್ತಾರ್ರಿ, ಆಮ್ಯಾಲ ಜಿರಲಿ.

ಹಲ್ಲಿಪುರಾಣ
ಅದಕ್ಕೇ ಕ್ಲಬ್ ಅಂದಿದ್ದು ಗುರುವೇ. ಜಿರಲೆ ಬೇರೆಯವರ ಮನೆಯಲ್ಲಿರುತ್ತೆ.

ಉದ್ದನಾಲಿಗೆ
ಇಷ್ಟೆಲ್ಲ ಯಾಕೆ, ಹಾವು ಹಿಡಿಯೋದು ಕಲಿಸೋ ಗುಂಪಿಗೆ ಸೇರಿ. ನಮ್ಮ ಕಡೆ ಒಬ್ಬರಿದ್ದಾರೆ, ಒಂದೇ ವಾರದಲ್ಲಿ ನಾಗರ ಹಾವನ್ನೇ ಹಿಡಿಸ್ತಾರೆ. ವಿಡಿಯೊ ಮಸ್ತಾಗಿ ಬರುತ್ತೆ.

ಪಶುವೈದ್ಯೆ_ಇಲ್ಲಿ
ವಾರದಲ್ಲಿ ನಾಗರ ಹಾವು ಹಿಡಿಸೋರಿದ್ರೆ ಅವರಿಂದ ದೂರ ಇರಿ. ಇದರ ಮೇಲೆ ಚರ್ಚೆ ಬೇಡ.

ಕೆಸರುಗಾಲು
ಮೊದಲ ಸಲ ಉಡದಪಟ್ಟು ಅವರೂ ನಾನೂ ಒಂದೇ ಪಕ್ಷ ಅನ್ಸುತ್ತೆ.

@ಉದ್ದನಾಲಿಗೆ ಕಾರ್ಲ್ ಸ್ಮಿತ್ ಕಥೆ ಗೊತ್ತಾ? ಶಿಕಾಗೋದ ಫೀಲ್ಡ್ ಮ್ಯೂಸಿಯಂನ ಹೆಸರಾಂತ ಹಾವುತಜ್ಞ. 1957ರಲ್ಲಿ ಹಾವು ಕಚ್ಚಿ ಸತ್ತರು. ಕೋಬ್ರಾ ಇರಬೇಕು. ಆಸ್ಪತ್ರೆಗೆ ಹೋಗದೆ ಏನೇನಾಗ್ತಿದೆ ಅಂತ ಬರೀತಾ ಕೂತಿದ್ರು.

ಉಡದಪಟ್ಟು
ಕೋಬ್ರಾ ಅಲ್ಲ, ಬೂಮ್‌ಸ್ಲಾಂಗ್. ಅದೇ ಆ ಕಥೆಯ ತಿರುಳು, ಅದನ್ನೇ ತಪ್ಪು ಹೇಳಿದ್ರೆ ಹೇಗೆ?

ಬೂಮ್‌ಸ್ಲಾಂಗ್ ಆಫ್ರಿಕಾದ ಮರದ ಹಾವು, ವಿಷದ ಹಲ್ಲು ಬಾಯಿಯ ಹಿಂಭಾಗದಲ್ಲಿ. ಹಿಂಹಲ್ಲಿನ ಹಾವು ಮನುಷ್ಯರಿಗೆ ಅಷ್ಟೇನೂ ಅಪಾಯ ಇಲ್ಲ ಅನ್ನೋ ನಂಬಿಕೆ ಆಗ ಗಟ್ಟಿಯಾಗಿತ್ತು. ಕಚ್ಚಿದ್ದು ಮರಿ, ಅದೂ ಹೆಬ್ಬೆರಳಿಗೆ ಒಂದೇ ಹಲ್ಲು ಸರಿಯಾಗಿ ತಾಗಿತ್ತು. ರೈಲಲ್ಲಿ ಮನೆಗೆ ಹೋಗ್ತಾ ವಾಂತಿ ಬರೋ ಹಾಗಾಯ್ತು, ರಾತ್ರಿ ಚಳಿಜ್ವರ, ಒಸಡಿನಿಂದ ರಕ್ತ ಅಂತೆಲ್ಲ ಬರೆದಿಟ್ಟರು. ಮಾರನೇ ದಿನ ತೀರಿಕೊಂಡರು. ಜೀವನ ಪೂರ್ತಿ ಹಾವಿನ ಜೊತೆ ಕಳೆದವರು. ಒಂದು ವಾರದ ತರಬೇತಿಯವರ ಲೆಕ್ಕ ನೀವೇ ಹಾಕಿ.

ಕ್ಲಬ್ಬಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು: ವಿಷದ ಹಾವಿನ ಬಗ್ಗೆ ಲಿಖಿತ ನಿಯಮ ಏನಿದೆ? ಸಾರ್ವಜನಿಕ ಸಭೆಗೆ ವಿಷದ ಹಾವು ತರೋ ಕ್ಲಬ್ಬಲ್ಲಿ ನಾನಂತೂ ಒಂದು ನಿಮಿಷ ಕೂರಲ್ಲ.

ಪಶುವೈದ್ಯೆ_ಇಲ್ಲಿ
ಮಾತು ಬಂತಲ್ಲ ಅಂತ ಹೇಳಿಬಿಡ್ತೀನಿ. ನಡಿಗೆಯಲ್ಲಿ ಯಾರಿಗಾದ್ರೂ ಹಾವು ಕಚ್ಚಿದ್ರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ, ಹಾವು ಹುಡುಕ್ಕೊಂಡು ಹೋಗಬೇಡಿ. ಉಂಗುರ, ಗಡಿಯಾರ ಬಿಚ್ಚಿ, ಆ ಕೈಕಾಲು ಅಲ್ಲಾಡದ ಹಾಗೆ ಇಟ್ಟು ಆಸ್ಪತ್ರೆಗೆ ಸಾಗಿಸಿ. ಪ್ರತಿವಿಷ ಇರೋ ಆಸ್ಪತ್ರೆ ಎಲ್ಲಿದೆ ಅಂತ ನಡಿಗೆಗೆ ಹೊರಡೋ ಮುಂಚೆಯೇ ಗೊತ್ತಿರಬೇಕು. ಗೊತ್ತಿಲ್ಲ ಅನ್ನೋ ನಾಯಕರ ಹಿಂದೆ ಕತ್ತಲಲ್ಲಿ ಹೋಗಬೇಡಿ.

ಉದ್ದನಾಲಿಗೆ
ಸರಿ ಸರಿ, ವಿಡಿಯೊ ಬೇಡ. ಎಲ್ಲ ಸೇರಿ ಮೇಲೆ ಬೀಳ್ತೀರಲ್ಲ ಮಾರಾಯ್ರೆ.

ಆಮೆಯಜಮಾನ
ಇಷ್ಟು ಹೊತ್ತಾದ್ರೂ ಯಾರೂ ಮುಖ್ಯವಾದ ಪ್ರಶ್ನೆ ಎತ್ತಲಿಲ್ಲ. ಸಾಕಲಾರದೆ ತಂದು ಕೊಟ್ಟ ಪ್ರಾಣಿಯನ್ನು ಕ್ಲಬ್ ಏನು ಮಾಡುತ್ತೆ? ನನ್ನ ಪ್ರಕಾರ ಬೇರೆ ಎಲ್ಲ ಪ್ರಶ್ನೆ ಬಿಟ್ಟು ಇದೊಂದೇ ಕೇಳಿದ್ರೆ ಸಾಕು.

ಕೆಂಗಿವಿ ಆಮೆ ತಗೊಳ್ಳಿ. ಮರಿ ಅಂಗೈಯಲ್ಲಿ ಹಿಡಿಸುತ್ತೆ, ಹಸಿರು, ಕಣ್ಣಿನ ಹಿಂದೆ ಕೆಂಪು ಪಟ್ಟೆ, ಯಾರಿಗಾದ್ರೂ ಮುದ್ದು ಬರುತ್ತೆ. ಹೆಣ್ಣು ಬೆಳೆದ್ರೆ ಚಿಪ್ಪು 25 ಸೆಂಟಿಮೀಟರ್ ದಾಟುತ್ತೆ, 30 ವರ್ಷ ಬದುಕುತ್ತೆ, ನೀರು ಎರಡೇ ದಿನಕ್ಕೆ ನಾರುತ್ತೆ. ಆಗ ಜನ "ಪಾಪ, ಸ್ವತಂತ್ರವಾಗಿರಲಿ" ಅಂತ ಕೆರೆಗೆ ಬಿಡ್ತಾರೆ. ಅಲ್ಲಿನ ಆಮೆಗಳು ಬಿಸಿಲು ಕಾಯೋ ಜಾಗವನ್ನೇ ಇವು ಕಿತ್ಕೊಳ್ತವೆ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದೂ ಇದೆ. ಯುರೋಪಿಯನ್ ಒಕ್ಕೂಟ 1997ರಲ್ಲಿ ಇದರ ಆಮದು ನಿಲ್ಲಿಸ್ತು. ವ್ಯಾಪಾರಿಗಳೇನು ಕಮ್ಮಿಯಾ, ಹಳದಿ ಹೊಟ್ಟೆಯ ಬೇರೆ ಆಮೆ ತರೋಕೆ ಶುರು ಮಾಡಿದ್ರು.

ನಾನು ಮೊದಲು ಒಂದು ಕ್ಲಬ್ಬಲ್ಲಿದ್ದೆ, ಹೆಸರು ಬೇಡ. ಅಲ್ಲಿ ಮರಿ ಮಾಡಿಸೋದರಲ್ಲಿ ಎಲ್ಲರಿಗೂ ಪೈಪೋಟಿ. ಹೊಸ ಸದಸ್ಯ ಬಂದ ಅಂದ್ರೆ ಕೈಗೆ ಒಂದು ಡಬ್ಬಿ ಕೊಟ್ಟು ಕಳಿಸ್ತಿದ್ರು. ಆತ ಆರು ತಿಂಗಳ ಮೇಲೆ ಸಾಕೋಕೆ ಆಗ್ತಿಲ್ಲ ಅಂತ ವಾಪಸ್ ತಂದ್ರೆ "ನಮ್ಮ ಜವಾಬ್ದಾರಿ ಅಲ್ಲ". ಖಜಾಂಚಿ ಪಾಪ ಒಬ್ಬರೇ ಒಳ್ಳೇ ಮನುಷ್ಯ, ಅವರ ಮನೆ ಬಚ್ಚಲು ತೊಟ್ಟಿ ತುಂಬ ಯಾರ‍್ಯಾರದೋ ಆಮೆ. ಅವರ ಮನೆಯವರು ಸ್ನಾನಕ್ಕೆ ಪಕ್ಕದ ಮನೆಗೆ ಹೋಗ್ತಿದ್ರು, ಸುಳ್ಳಲ್ಲ. ನಾನು ಬಿಟ್ಟು ಬಂದೆ.

ಹಾವುರಾಣಿ_22
ಬಚ್ಚಲು ತೊಟ್ಟಿ 😂 ಪ್ರತಿ ಕ್ಲಬ್ಬಲ್ಲೂ ಅಂಥ ಒಬ್ಬ ಖಜಾಂಚಿ ಇದ್ದೇ ಇರ್ತಾರೆ.

ಉಡದಪಟ್ಟು
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಜೊತೆಗೆ ಕಾಗದ ಪತ್ರ ಕೇಳಿ. ಸಾಕಣೆಯಲ್ಲೇ ಹುಟ್ಟಿದ್ದಾ, ಕಾಡಿಂದ ಹಿಡಿದದ್ದಾ? ಕಾನೂನು ದೇಶಕ್ಕೊಂದು ಥರ, ಹಾಗಾಗಿ ಯಾವುದನ್ನು ಸಾಕಬಹುದು ಅಂತ ಕ್ಲಬ್ಬಿನವರ ಬಾಯಿಮಾತು ನಂಬದೆ ಸರ್ಕಾರದ ಪಟ್ಟಿಯನ್ನೇ ನೋಡಿ. ನಕ್ಷತ್ರ ಆಮೆಯನ್ನು 2019ರಲ್ಲಿ ಸೈಟೀಸ್‌ನ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಮೊದಲನೇ ಅನುಬಂಧಕ್ಕೆ ಸೇರಿಸಿದ್ರು, ಅಂದ್ರೆ ಕಾಡಿನಿಂದ ಹಿಡಿದದ್ದರ ಅಂತರರಾಷ್ಟ್ರೀಯ ವ್ಯಾಪಾರ ಪೂರ್ತಿ ಬಂದ್. ಆಮೇಲೂ "ಹಳೇ ಸ್ಟಾಕು" ಅಂತ ಮಾತಾಡೋರು ಸಿಗ್ತಾರೆ. ಪಿಸುಮಾತಲ್ಲಿ ಪ್ರಾಣಿ ಕೈ ಬದಲಾಯಿಸೋ ಕ್ಲಬ್ಬಿಂದ ಎದ್ದು ಬನ್ನಿ.

ಕೆಸರುಗಾಲು
ನಡಿಗೆಯವರಲ್ಲೂ ಕಳ್ಳರಿದ್ದಾರೆ, ಇದು ನಮ್ಮ ಕಡೆಯ ರೋಗ. ಅಪರೂಪದ್ದು ಕಂಡ ತಕ್ಷಣ ಫೋಟೊ ಜೊತೆ ಜಾಗ ಹಾಕಿಬಿಡ್ತಾರೆ. ಚೀನಾದಲ್ಲಿ ಗೊನಿಯುರೊಸಾರಸ್ ಲುಯಿ ಅನ್ನೋ ಗುಹೆ ಹಲ್ಲಿಯನ್ನು 1999ರಲ್ಲಿ ವಿಜ್ಞಾನಿಗಳು ಹೊಸ ಪ್ರಭೇದ ಅಂತ ಪ್ರಕಟಿಸಿದ್ರು. ಪ್ರಬಂಧದಲ್ಲಿದ್ದ ಜಾಗ ಓದಿಕೊಂಡು ಹಿಡಿಯೋರು ಹೋದರು, ಅಲ್ಲಿದ್ದದ್ದೆಲ್ಲ ಖಾಲಿ. ಆಮೇಲೆ ಅದೇ ಕುಲದ ಹೊಸ ಹಲ್ಲಿಗಳನ್ನ ಪ್ರಕಟಿಸಿದವರು ಜಾಗವನ್ನೇ ಬರೀಲಿಲ್ಲ. ಕಂಡ ಜೀವಿಗಳನ್ನ ದಾಖಲಿಸೋ ಐನ್ಯಾಚುರಲಿಸ್ಟ್ ತಾಣ ಅಪಾಯದಲ್ಲಿರೋ ಪ್ರಭೇದಗಳ ಜಾಗ ತಾನಾಗೇ ಮಸುಕು ಮಾಡುತ್ತೆ. ವಾಟ್ಸಾಪ್ ಗುಂಪು ಮಾಡುತ್ತಾ? ಕ್ಲಬ್ಬಿಗೆ ಇದರ ಬಗ್ಗೆ ಒಂದು ನಿಯಮ ಇದೆಯಾ ಕೇಳಿ.

ರಾತ್ರಿಪಾಳಿ
ಬೂಟು ತೊಳೆಯೋದು ಅಂದ್ರಲ್ಲ, ಅದೇನು ಅಂತ ಯಾರಾದ್ರೂ ಬಿಡಿಸಿ ಹೇಳಿ. ಕೆಸರಿಗೇ ಹೋಗೋ ಬೂಟು, ತೊಳೆದು ಏನು ಪ್ರಯೋಜನ?

ಕೆಸರುಗಾಲು
ಕೈಟ್ರಿಡ್ ಶಿಲೀಂಧ್ರ. ಕಪ್ಪೆಯ ಚರ್ಮದ ಕೆರಾಟಿನ್‌ನಲ್ಲಿ (ನಮ್ಮ ಉಗುರು, ಕೂದಲಲ್ಲಿರೋ ಪ್ರೋಟೀನ್) ಬೆಳೆಯುತ್ತೆ. ಕಪ್ಪೆ ನೀರು, ಲವಣ ಹೀರೋದು ಚರ್ಮದಿಂದ, ಅದು ಕೆಟ್ಟರೆ ರಕ್ತದ ಲವಣ ಏರುಪೇರಾಗಿ ಹೃದಯ ನಿಲ್ಲುತ್ತೆ. ಗೊದಮೊಟ್ಟೆಗೆ (ನಮ್ಮ ಗೊದಮೊಟ್ಟೆ ಅಲ್ಲ, ನಿಜವಾದದ್ದು) ಕೆರಾಟಿನ್ ಇರೋದು ಬಾಯಲ್ಲಿ ಮಾತ್ರ. ಹಾಗಾಗಿ ಹೊಂಡದ ತುಂಬ ಮರಿ ಚೆನ್ನಾಗೇ ಓಡಾಡ್ತಿರ್ತವೆ, ಕಾಲು ಮೂಡಿ ದಡ ಹತ್ತೋ ಹೊತ್ತಿಗೆ ಸಾಯ್ತವೆ. 1999ರಲ್ಲಿ ಇದಕ್ಕೆ ಹೆಸರಿಟ್ಟರು. 2019ರ ಒಂದು ಅಧ್ಯಯನದಲ್ಲಿ ಕನಿಷ್ಠ 501 ಪ್ರಭೇದಗಳು ಇದರಿಂದ ಕುಸಿದಿವೆ ಅಂತ ಲೆಕ್ಕ ಹಾಕಿದ್ರು. ಒಂದು ಹೊಂಡದ ಕೆಸರು ಇನ್ನೊಂದು ಹೊಂಡಕ್ಕೆ ಹೋಗಬಾರದು, ಅಷ್ಟೇ ವಿಷಯ.

ಉಡದಪಟ್ಟು
ಸರಿ.

ಕೆಸರುಗಾಲು
ಇನ್ನೊಂದು ಕೈಟ್ರಿಡ್ ಇದೆ, ಸಾಲಮಾಂಡರ್‌ಗಳನ್ನ (ಬಾಲ ಇರೋ ಉಭಯಚರಗಳು) ತಿನ್ನೋದು. ನೆದರ್ಲೆಂಡ್ಸ್‌ನಲ್ಲಿ ಬೆಂಕಿ ಸಾಲಮಾಂಡರ್‌ಗಳನ್ನ ಹೆಚ್ಚುಕಮ್ಮಿ ಗುಡಿಸಿ ಹಾಕ್ತು, 2013ರಲ್ಲಿ ಗುರುತಿಸಿದ್ರು. ಏಷ್ಯಾದಿಂದ ಸಾಕುಪ್ರಾಣಿ ವ್ಯಾಪಾರದ ಜೊತೆ ಬಂದಿರೋ ಸಾಧ್ಯತೆಯೇ ಹೆಚ್ಚು. ಇದಕ್ಕೇನಂತೀರಿ, @ಉಡದಪಟ್ಟು?

ಉಡದಪಟ್ಟು
ಅದಕ್ಕೇ ಕ್ವಾರಂಟೈನ್ ಅಂತ ಬಡ್ಕೊಳ್ಳೋದು. ಸಾಲಮಾಂಡರ್ ಪೆಟ್ಟಿಗೆಯ ನೀರನ್ನ ಗಟಾರಕ್ಕೆ ಚೆಲ್ಲಬೇಡಿ ಅಂತ ನಮ್ಮ ಕ್ಲಬ್ಬಿನ ಗೋಡೆ ಮೇಲೇ ಬರೆದಿದೆ. ಎಲ್ಲ ವ್ಯಾಪಾರಿಗಳ ಪಾಪ ನನ್ನ ತಲೆಗೆ ಕಟ್ಟಬೇಡಿ.

ಹಾವುರಾಣಿ_22
ಕೈಟ್ರಿಡ್ ಅಂದಾಗ ನೆನಪಾಯ್ತು. ಒಂದು ಕಾಲದಲ್ಲಿ ಬಸುರಿ ಹೌದಾ ಅಲ್ವಾ ಅಂತ ಕಪ್ಪೆ ಹೇಳ್ತಿತ್ತು! ಆಫ್ರಿಕಾದ ಉಗುರುಗಪ್ಪೆಗೆ ಹೆಂಗಸಿನ ಮೂತ್ರ ಚುಚ್ಚೋದು, ಗರ್ಭ ನಿಂತಿದ್ರೆ ಕಪ್ಪೆ ಒಂದು ದಿನದೊಳಗೆ ಮೊಟ್ಟೆ ಇಡುತ್ತೆ. 1930ರ ದಶಕದಲ್ಲಿ ಲ್ಯಾನ್ಸ್‌ಲಾಟ್ ಹಾಗ್ಬೆನ್ ಅವರ ಕೆಲಸದಿಂದ ಶುರುವಾಗಿ ದಶಕಗಟ್ಟಲೆ ನಡೀತು. ಅದಕ್ಕಂತಲೇ ಪ್ರಪಂಚದ ತುಂಬ ಆ ಕಪ್ಪೆ ಸಾಗಿಸಿದ್ರು, ಅದು ಕೈಟ್ರಿಡ್ ಹೊತ್ಕೊಂಡೂ ಸಾಯಲ್ಲ. ರೋಗ ಹರಡಿದ್ದರಲ್ಲಿ ಅದರದ್ದೂ ಪಾಲಿದೆ ಅಂತಾರೆ.

ಬೆಳಗಾವ್ಯಾಂವ
ಕಪ್ಪಿ ಮೊಟ್ಟಿ ಇಟ್ಟರ ಪೇಡೆ ಹಂಚ್ತಿದ್ರೇನ್ರಿ?

ನಿರ್ವಾಹಕ
ಸ್ವಲ್ಪ ವಿಷಯಕ್ಕೆ ಬನ್ನಿ. ಕೇಳಿದವರು ಕ್ಲಬ್ ಸೇರೋದಾ ಅಂತ ಕೇಳಿದ್ದಾರೆ, ಹೆರಿಗೆ ವಾರ್ಡ್ ಬಗ್ಗೆ ಅಲ್ಲ.

ಮಂಡೂಕಮಿತ್ರ
ವಿಷಯಕ್ಕೇ ಬರ್ತೀನಿ. ಗೊದಮೊಟ್ಟೆ ಅವರೇ, "ಏನೂ ಇಲ್ಲ, ರೆಕಾರ್ಡಿಂಗ್ ಇದೆ" ಅಂತ ಯಾಕೆ ಅಷ್ಟು ಸಣ್ಣ ದನಿಯಲ್ಲಿ ಹೇಳ್ತೀರಿ? ಕಪ್ಪೆ ವಿಷಯದಲ್ಲಿ ಕೂಗೇ ಆಸ್ತಿ.

ಉತ್ತರ ಅಮೆರಿಕದಲ್ಲಿ ಎರಡು ಬೂದು ಮರಗಪ್ಪೆಗಳಿವೆ. ಪಕ್ಕಪಕ್ಕ ಇಟ್ಟರೂ ಕಣ್ಣಿಗೆ ವ್ಯತ್ಯಾಸ ಸಿಗಲ್ಲ. ಒಂದರ ವರ್ಣತಂತುಗಳು ಇನ್ನೊಂದರ ಎರಡರಷ್ಟು. ಹೊರಗಿಂದ ಬೇರೆ ಮಾಡೋದು ಕೂಗಿನಿಂದಲೇ, ಒಂದರ ಟ್ರಿಲ್ಲು (ಟ್ರರ್ರ್ ಅಂತ ಮಿಡಿಯೋ ಕೂಗು) ನಿಧಾನ, ಇನ್ನೊಂದರದ್ದು ಬಿರುಸು. ಇಲ್ಲೊಂದು ತೊಡಕಿದೆ. ಗಾಳಿ ಬೆಚ್ಚಗಾದಷ್ಟೂ ಕಪ್ಪೆ ಬಿರುಸಾಗಿ ಕೂಗುತ್ತೆ. ಬೆಚ್ಚನೆ ರಾತ್ರಿಯ ನಿಧಾನದ ಕಪ್ಪೆ, ತಣ್ಣನೆ ರಾತ್ರಿಯ ಬಿರುಸಿನ ಕಪ್ಪೆ ಹತ್ತಿರ ಹತ್ತಿರ ಬಂದುಬಿಡ್ತವೆ. ಹಾಗಾಗಿ ಶಾಖ ಬರೆಯದ ರೆಕಾರ್ಡಿಂಗ್ ಅರ್ಧ ರೆಕಾರ್ಡಿಂಗ್.

ನೀವು ಮಾಡಬೇಕಾದ್ದು ಇಷ್ಟು. ಫೋನ್ ಕೈಯಲ್ಲಿ ಅಲ್ಲಾಡಿಸಬೇಡಿ, ಕಲ್ಲಿನ ಮೇಲೋ ಚೀಲದ ಮೇಲೋ ಇಡಿ. ಹತ್ತಿರ ಹೋದಾಗ ಎಲ್ಲ ಒಟ್ಟಿಗೆ ಬಾಯಿ ಮುಚ್ತವೆ, ಕಾಯಿರಿ, ಒಂದು ಶುರು ಮಾಡಿದ್ರೆ ಉಳಿದವೂ ಸೇರ್ತವೆ. ಅರ್ಧ ನಿಮಿಷ ಸಾಕು, ಒಂದು ನಿಮಿಷ ಆದ್ರೆ ಚೆನ್ನ. ಕೊನೆಯಲ್ಲಿ ನಿಮ್ಮ ದನಿಯಲ್ಲೇ ತಾರೀಖು, ಹೊತ್ತು, ಶಾಖ, ಜಾಗ ಹೇಳಿ ನಿಲ್ಲಿಸಿ. ಕಡತದ ಹೆಸರು ಕಳೆದ್ರೂ ಮಾತು ಒಳಗೇ ಇರುತ್ತೆ. ಕೂಗೋದು ಬಹುಪಾಲು ಗಂಡು ಅಂತ ನೆನಪಿರಲಿ, ಸದ್ದಿಲ್ಲ ಅಂದ್ರೆ ಕಪ್ಪೆ ಇಲ್ಲ ಅಂತಲ್ಲ.

ಆಸ್ಟ್ರೇಲಿಯನ್ ಮ್ಯೂಸಿಯಂ 2017ರಲ್ಲಿ ಫ್ರಾಗ್‌ಐಡಿ ಅಂತ ಆ್ಯಪ್ ಬಿಟ್ಟಿತು. ಜನ ಫೋನಲ್ಲಿ ಕೂಗು ರೆಕಾರ್ಡ್ ಮಾಡಿ ಕಳಿಸ್ತಾರೆ, ತಜ್ಞರು ಕೇಳಿ ಗುರುತಿಸ್ತಾರೆ. ಕಳಿಸೋರಲ್ಲಿ ಬಹಳ ಜನ ನಿಮ್ಮ ಥರಾನೇ, ಪ್ರಾಣಿ ಸಾಕಿದವರಲ್ಲ. ನಿಮ್ಮ ಕ್ಲಬ್ಬಲ್ಲಿ ಆ ಕೆಲಸ ಮಾಡೋರು ಯಾರೂ ಇಲ್ಲ ಅನ್ಸುತ್ತೆ. ಅಂದ್ರೆ ಆ ಜಾಗ ಖಾಲಿ ಇದೆ.

ಸುಮ್ನೆನೋಡೋನು
ನಾನು ಮೊದಲೇ ಹೇಳಿದ್ದೆ ಸೇರಿ ಅಂತ. ಯಾರೂ ಕೇಳಲ್ಲ.

ಗೂಬೆಕಣ್ಣು
ನಾನು ಸೇರಬೇಡಿ ಅನ್ನೋ ಪಕ್ಷ, ಒಬ್ಬನಾದ್ರೂ ಇರಲಿ. ಸಂಘ ಅಂದ್ಮೇಲೆ ಅಧ್ಯಕ್ಷರು, ಉಪಾಧ್ಯಕ್ಷರು, ಜಗಳ, ಎರಡು ಬಣ. ಕಪ್ಪೆ ಕೇಳೋಕೆ ಸದಸ್ಯತ್ವದ ಕಾರ್ಡು ಬೇಕಾ? ನಾಲ್ಕು ಜನ ಸಮಾನಮನಸ್ಕರು ಸಿಕ್ಕರೆ ಸಾಕು.

ಆಮೆಯಜಮಾನ
@ಗೂಬೆಕಣ್ಣು ಆ ನಾಲ್ಕು ಜನ ಸಿಗೋದೇ ಕ್ಲಬ್ಬಲ್ಲಿ. ಅಮೆರಿಕದ ಎಸ್‌ಎಸ್‌ಎಆರ್ ಇವತ್ತು ಸರೀಸೃಪ, ಉಭಯಚರ ಅಧ್ಯಯನದ ಇಷ್ಟು ದೊಡ್ಡ ವಿಜ್ಞಾನ ಸಂಘ, 1958ರಲ್ಲಿ ಅದು ಒಹಾಯೊ ರಾಜ್ಯದ ಹಾವು-ಕಪ್ಪೆ ಆಸಕ್ತರ ಸಂಘವಾಗಿ ಶುರುವಾದದ್ದು. ಅವರಲ್ಲೂ ಬಣಗಳಿದ್ವೇನೋ, ಯಾರಿಗೆ ಗೊತ್ತು. ಜಗಳಕ್ಕೆ ಹೆದರಿದ್ರೆ ಆಗಲ್ಲ.

ಗೂಬೆಕಣ್ಣು
ಬಚ್ಚಲು ತೊಟ್ಟಿ ಕಥೆ ಹೇಳಿದ್ದು ನೀವೇ ಅಲ್ವಾ ಯಜಮಾನ್ರೇ?

ಆಮೆಯಜಮಾನ
ಹೇಳಿದ್ದು ನಾನೇ. ಈಗ ಬೇರೆ ಕ್ಲಬ್ಬಲ್ಲಿದ್ದೀನಿ, ಇಲ್ಲಿ ತೊಟ್ಟಿ ಖಾಲಿ.

ಗೊದಮೊಟ್ಟೆ
ಇಷ್ಟೊಂದು ಉತ್ತರ ನಿರೀಕ್ಷೆ ಮಾಡಿರಲಿಲ್ಲ. ಮುಂದಿನ ಸಭೆಗೂ ಹೋಗಿದ್ದೆ, ಏನಾಯ್ತು ಅಂತ ಹೇಳ್ತೀನಿ.

ಆಮೆ ಯಜಮಾನ್ರ ಪ್ರಶ್ನೆಯನ್ನೇ ಕಾರ್ಯದರ್ಶಿ ಹತ್ರ ಕೇಳಿದೆ. ಅವರು ಮಾತಾಡದೆ ಚೀಲದಿಂದ ಒಂದು ನೋಟ್‌ಬುಕ್ ತೆಗೆದ್ರು. ವಾಪಸ್ ಬಂದ ಪ್ರಾಣಿ ಯಾವುದು, ಎಲ್ಲಿಂದ, ಯಾರ ಹತ್ರ ಬೇರೆ ಇಟ್ಟಿದ್ದಾರೆ, ಆಮೇಲೆ ಯಾರ ಮನೆಗೆ ಹೋಯ್ತು, ಎಲ್ಲ ಸಾಲಾಗಿ. ಕೆಲವು ಕಡೆ "ಕೊಡಲಿಲ್ಲ, ಮನೆಯಲ್ಲಿ ಜಾಗ ಸಾಲದು" ಅಂತಾನೂ ಬರೆದಿತ್ತು. ಕೆಂಗಿವಿ ಆಮೆಗಳಿಗೇ ಬೇರೆ ಪುಟ, ಅದು ತುಂಬಿ ಹಾಳೆ ಅಂಟಿಸಿದ್ರು. ವಿಷದ ಹಾವು ಸಭೆಗೆ ತರೋ ಹಾಗಿಲ್ಲ ಅಂತ ನಿಯಮದಲ್ಲೇ ಇದೆ.

ರಾತ್ರಿ ನಡಿಗೆ ಮಾತ್ರ ಇಲ್ಲ. ಹಿಂದೆ ಇತ್ತಂತೆ, ನಡೆಸ್ತಿದ್ದವರು ಊರು ಬಿಟ್ಟ ಮೇಲೆ ನಿಂತಿದೆ. "ನೀವೇ ಶುರು ಮಾಡಿ" ಅಂದ್ರು. ನನಗೆ ದಾರಿ ತೋರಿಸೋಷ್ಟು ಗೊತ್ತಿಲ್ಲ ಅಂದೆ. ಆಗ ಆವತ್ತು "ಓ" ಅಂದವರೇ ಬಂದು, ಹೊಂಡಗಳು ಎಲ್ಲೆಲ್ಲಿವೆ ಅಂತ ನನಗೆ ಗೊತ್ತು, ಹೆಸರು ಹೇಳೋದು ನೀವು ನೋಡ್ಕೊಳ್ಳಿ ಅಂದ್ರು. ಅವರು ಹಾವಿನವರು, ಕಪ್ಪೆ ಹೆಸರು ಹೇಳೋದು ನನಗೂ ಅರ್ಧವೇ ಅಂತ ಅವರಿಗೆ ಗೊತ್ತಿಲ್ಲ.

ಅರ್ಜಿ ತುಂಬಿ ಕೊಟ್ಟೆ. "ಸಾಕುತ್ತಿರುವ ಪ್ರಾಣಿ" ಅನ್ನೋ ಕಡೆ ಗೆರೆ ಎಳೆದಿದ್ದೀನಿ.

ಹಲ್ಲಿಪುರಾಣ
ಒಂದು ವರ್ಷ ಬಿಟ್ಟು ಆ ಗೆರೆ ಇರುತ್ತಾ ನೋಡೋಣ.

ಕೆಸರುಗಾಲು
ಸಂತೋಷ. ಮೊದಲ ನಡಿಗೆಗೆ ಒಂದೇ ಹೊಂಡ ಇಟ್ಕೊಳ್ಳಿ. ಎರಡು ಹೊಂಡ ಮಾಡೋದಾದ್ರೆ ಮಧ್ಯದಲ್ಲಿ ಬೂಟಿಗೆ ಬ್ಲೀಚ್.

ಮಂಡೂಕಮಿತ್ರ
ಬ್ಲೀಚ್ ಹಾಕೋ ಮುಂಚೆ ಬ್ರಷ್ಷಲ್ಲಿ ಕೆಸರು ಪೂರ್ತಿ ಉಜ್ಜಬೇಕು, ಕೆಸರಿದ್ರೆ ಬ್ಲೀಚ್ ಶಕ್ತಿ ಅಲ್ಲೇ ಮುಗಿಯುತ್ತೆ. ಆಮೇಲೆ ನೀರಲ್ಲಿ ಚೆನ್ನಾಗಿ ತೊಳೀರಿ, ಬ್ಲೀಚೂ ಕಪ್ಪೆಗೆ ವಿಷವೇ. ಈ ರಗಳೆ ಬೇಡ ಅಂದ್ರೆ ಎರಡು ಜೊತೆ ಬೂಟು ಒಯ್ಯಿರಿ, ಒಂದನ್ನ ಮನೆಯಲ್ಲಿ ಬಿಸಿಲಿಗಿಟ್ಟು ಪೂರ್ತಿ ಒಣಗಿಸಿ. ಒಣಗಿದ್ರೆ ಕೈಟ್ರಿಡ್ ಬದುಕಲ್ಲ.

ಕೆಸರುಗಾಲು
ಮಳೆಗಾಲದಲ್ಲಿ ಎಲ್ಲಿಯ ಬಿಸಿಲು ಸ್ವಾಮಿ? ಬೂಟಿನೊಳಗೆ ವಾರ ಕಳೆದ್ರೂ ಒದ್ದೆ. ಬ್ಲೀಚೇ ಗತಿ.

ಮಂಡೂಕಮಿತ್ರ
ಒಳಗೆ ಹಳೇ ಪೇಪರ್ ತುರುಕಿ ಫ್ಯಾನಿನ ಕೆಳಗಿಡಿ. ಪೂರ್ತಿ ಒಣಗೋ ತನಕ ಆ ಜೊತೆ ಮುಟ್ಟಬೇಡಿ.

ರಾತ್ರಿಪಾಳಿ
ಬರಿಗಾಲಲ್ಲಿ ಹೋದ್ರೆ?

ಪಶುವೈದ್ಯೆ_ಇಲ್ಲಿ
@ರಾತ್ರಿಪಾಳಿ ಮೇಲೆ ಹಾವು ಕಚ್ಚಿದ್ದರ ಬಗ್ಗೆ ಬರೆದಿದ್ದೀನಿ, ಇನ್ನೊಂದು ಸಲ ಓದಿ.